ಅಪ್ಪನ ಹಠಮಾರಿ ಕೀಬೋರ್ಡು

“ಮುಂದಿನ ಶನಿವಾರ ಕೀಬೋರ್ಡು ಕೊಡಲ್ಲ ಅಂದ್ರೆ ನಾನು ಇವತ್ತು ವ್ಯಾನೇ ಹತ್ತಲ್ಲ!”

ಹೀಗೆ ಕಿರುಚಿದ ಪೀಪಿ ವ್ಯಾನಿನ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಅಪ್ಪನ ಎರಡು ಕೈಯಲ್ಲೂ ದಪ್ಪ ಸ್ಪೀಕರ್ ಇತ್ತು. ಪಾಪ, ಅದನ್ನು ಒಳಗೆ ಇಡುವ ಹಾಗೂ ಇಲ್ಲ, ಕೆಳಗೆ ಇಳಿಸುವ ಹಾಗೂ ಇಲ್ಲ.

“ಸ್ವಲ್ಪ ಜಾಗ ಬಿಡು ಮಗಳೇ, ಕೈ ಬಿದ್ದುಹೋಗ್ತಿದೆ.”

“ಬಿಡಲ್ಲ.”

“ಹಾಗಾದ್ರೆ ನಿನ್ನನ್ನೂ ಸ್ಪೀಕರ್ ಜೊತೆ ಮಡಚಿ ಒಳಗೆ ಹಾಕ್ತೀನಿ ನೋಡು.”

ಬೇರೆ ದಿನವಾಗಿದ್ದರೆ ಪೀಪಿ ನಕ್ಕುಬಿಡುತ್ತಿದ್ದಳು. ಇವತ್ತು ನಗಲಿಲ್ಲ.

ಪೀಪಿ ಅಂದರೆ ಅವಳ ನಿಜವಾದ ಹೆಸರಲ್ಲ. ಆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ತೊಟ್ಟಿಲಲ್ಲಿದ್ದಾಗ ಅವಳ ಅಳು ಪೀಪಿ ಊದಿದ ಹಾಗೆ ಬೀದಿಯ ಆ ತುದಿಗೂ ಕೇಳುತ್ತಿತ್ತಂತೆ. ಅಂದಿನಿಂದ ಅವಳು ಎಲ್ಲರಿಗೂ ಪೀಪಿಯೇ. ಶಾಲೆಯಲ್ಲಿ ಟೀಚರ್ ಕೂಡ ಮರೆತು ಹಾಗೇ ಕರೆಯುತ್ತಾರೆ.

ಅವಳ ಅಪ್ಪನದು ಊರೂರು ಸುತ್ತುವ ಕೆಲಸ. ವಾರಕ್ಕೊಂದು ಊರಿನ ಚರ್ಚಿಗೆ ಹೋಗಿ ಆರಾಧನೆಯಲ್ಲಿ ಕೀಬೋರ್ಡು ನುಡಿಸಬೇಕು, ಅಲ್ಲಿಯವರಿಗೆ ಹೊಸ ಕೀರ್ತನೆಗಳನ್ನು ಕಲಿಸಬೇಕು. ಅಪ್ಪನನ್ನು ಕರೆಯುವುದೆಲ್ಲ ಸಣ್ಣ ಸಣ್ಣ ಚರ್ಚುಗಳು. ಅಲ್ಲಿ ವಾದ್ಯ ಇರುವುದಿಲ್ಲ, ಇದ್ದರೆ ನುಡಿಸುವವರು ಇರುವುದಿಲ್ಲ. ಅಮ್ಮ ಹಾಡುತ್ತಾಳೆ. ವ್ಯಾನ್ ಓಡಿಸುವುದೂ ಅಮ್ಮನೇ, ಯಾಕೆಂದರೆ ಅಪ್ಪ ಸ್ಟಿಯರಿಂಗ್ ಕಂಡರೂ ಅದರ ಮೇಲೆ ತಾಳ ಹಾಕಲು ಶುರು ಮಾಡುತ್ತಾನೆ. ವ್ಯಾನಿಗೆ ಬಹಳ ವಯಸ್ಸಾಗಿದೆ. ಸ್ಟಾರ್ಟ್ ಮಾಡಿದಾಗಲೆಲ್ಲ ಗೊರಗೊರ ಕೆಮ್ಮುತ್ತದೆ. ಅದಕ್ಕೇ ಅದನ್ನು ಮನೆಯಲ್ಲಿ ತಾತ ಎಂದು ಕರೆಯುತ್ತಾರೆ.

ಪೀಪಿಯ ಸಂಕಟ ಇಷ್ಟು. ಶಾಲೆಯ ವಾರ್ಷಿಕೋತ್ಸವಕ್ಕೆ ಅವಳ ಕ್ಲಾಸಿನವರು ನದಿಯ ಬಗ್ಗೆ ಒಂದು ಹಾಡು ಹಾಡಬೇಕಿತ್ತು. ಕೀಬೋರ್ಡು ನುಡಿಸುವುದು ಪೀಪಿ. ಶುಕ್ರವಾರ ಇದ್ದ ಕಾರ್ಯಕ್ರಮ ಇದ್ದಕ್ಕಿದ್ದಂತೆ ಶನಿವಾರಕ್ಕೆ ಹೋಯಿತು. ಆ ಶನಿವಾರವೇ ಅಪ್ಪ ದೂರದ ಗುಡ್ಡದ ಊರಿನ ಚರ್ಚಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದ. ಅಲ್ಲಿ ಹಳೆಯ ಗೋಡೆ ಬಿದ್ದುಹೋಗಿ, ಊರಿನವರೇ ಸೇರಿ ಹೊಸದು ಕಟ್ಟಿದ್ದರು. ಹೊಸ ಗೋಡೆಯ ಒಳಗೆ ಅದೇ ಮೊದಲ ಆರಾಧನೆ.

“ಅವರಿಗೆ ಬೇರೆ ದಿನ ಬರ್ತೀನಿ ಅಂತ ಹೇಳು,” ಎಂದಳು ಪೀಪಿ.

“ಕೇಳಿದೆ ಮಗಳೇ. ಆಮಂತ್ರಣ ಪತ್ರ ಹಂಚಿಬಿಟ್ಟಿದ್ದಾರಂತೆ.”

“ಹಾಗಾದ್ರೆ ಆ ದಿನ ನಾನು ಇಲ್ಲೇ ಉಳೀತೀನಿ. ನೀವು ಹೋಗಿ.”

“ಯಾರ ಹತ್ರ ಉಳೀತೀಯ? ಪಕ್ಕದ ಮನೆ ಆಂಟಿ ಮಗಳ ಮನೆಗೆ ಹೋಗಿದ್ದಾರೆ. ಉಳಿದ್ರೂ ಕೀಬೋರ್ಡು ನಮ್ಮ ಜೊತೆ ಹೋಗುತ್ತಲ್ಲ,” ಎಂದಳು ಅಮ್ಮ ಮೆಲ್ಲಗೆ.

ಪೀಪಿ ಬಾಗಿಲು ಬಿಟ್ಟು, ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕುಳಿತಳು. ನಾನಿಲ್ಲದಿದ್ದರೆ ಅವರು ಹಾಡುವುದು ಹೇಗೆ? ಒಬ್ಬರಿಗಾದರೂ ಶ್ರುತಿ ಗೊತ್ತಿದೆಯಾ? ನನ್ನಿಂದಾಗಿ ಇಡೀ ಕ್ಲಾಸಿನ ಮಾನ ಹೋಗುತ್ತದೆ. ದಾರಿಯುದ್ದಕ್ಕೂ ಅವಳು ಇದನ್ನೇ ಯೋಚಿಸಿದಳು.

ಗಾಯದ ಮೇಲೆ ಬರೆ ಎಳೆದ ಹಾಗೆ ಅರ್ಧ ದಾರಿಯಲ್ಲಿ ತಾತನ ಟಯರು ಪಂಕ್ಚರ್ ಆಯಿತು. ಅಪ್ಪ, ಅಮ್ಮ ಇಬ್ಬರೂ ಸೇರಿ ಟಯರು ಬದಲಾಯಿಸಿ ಆ ಭಾನುವಾರದ ಊರಿನ ಚರ್ಚು ಮುಟ್ಟುವ ಹೊತ್ತಿಗೆ ಜನ ಬಂದು ಕುಳಿತಾಗಿತ್ತು. ಪಾದ್ರಿಗಳು ಬಾಗಿಲಲ್ಲಿ ನಿಂತು ಒಮ್ಮೆ ರಸ್ತೆ, ಒಮ್ಮೆ ವಾಚು ನೋಡುತ್ತಿದ್ದರು.

ಉದ್ದನೆಯ ಒಂದೇ ಕೋಣೆಯ ಚರ್ಚು ಅದು. ಎರಡು ಸಾಲು ಮರದ ಬೆಂಚು, ತೆರೆದ ಕಿಟಕಿಗಳು, ಕಿರ್ ಕಿರ್ ಎನ್ನುವ ಫ್ಯಾನು. ಅಪ್ಪ ಓಡೋಡಿ ಸ್ಟ್ಯಾಂಡು ನಿಲ್ಲಿಸಿದ, ವೈರು ಎಳೆದ, ಬೆವರು ಒರೆಸಿಕೊಂಡ. ಆಮೇಲೆ ಎಂದಿನ ಹಾಗೆ ಪೀಪಿಯ ಕಡೆ ನೋಡಿ ಕೇಳಿದ: “ಸೊನ್ನೆ?”

ಇದು ಅಪ್ಪ ಮಗಳ ಪದ್ಧತಿ. ಕೀಬೋರ್ಡಿನಲ್ಲಿ ಶ್ರುತಿ ಏರಿಸುವ, ಇಳಿಸುವ ಒಂದು ಬಟನ್ ಇದೆ. ಅದನ್ನು ಒತ್ತಿದರೆ ಬೆರಳು ಅದೇ ಕೀ ಮೇಲಿದ್ದರೂ ಸ್ವರ ಮಾತ್ರ ಮೇಲೆ ಹೋಗುತ್ತದೆ. ಎಷ್ಟು ಮೇಲೆ ಹೋಗಿದೆ ಅನ್ನುವುದು ಪುಟ್ಟ ಪರದೆಯಲ್ಲಿ ಕಾಣುತ್ತದೆ. ಬೇರೆ ಕೀಬೋರ್ಡುಗಳಾದರೆ ಆಫ್ ಮಾಡಿದ ಕೂಡಲೇ ಅದನ್ನು ಮರೆತುಬಿಡುತ್ತವೆ. ಅಪ್ಪನದು ಹಳೇ ಹಠಮಾರಿ. ಹಿಂದಿನ ದಿನ ಎಲ್ಲಿ ಬಿಟ್ಟಿದ್ದರೋ ಮಾರನೆಯ ದಿನವೂ ಅಲ್ಲೇ ಕುಳಿತಿರುತ್ತದೆ. ಆದ್ದರಿಂದ ಆರಾಧನೆಗೆ ಮೊದಲು ಪರದೆ ನೋಡಿ “ಸೊನ್ನೆ!” ಎಂದು ಹೇಳುವುದು ಪೀಪಿಯ ಡ್ಯೂಟಿ.

ಪೀಪಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: “ಸೊನ್ನೆ.”

ಅಪ್ಪ ನುಡಿಸಲು ಶುರು ಮಾಡಿದ. ಅಮ್ಮ ಹಾಡಿದಳು. ಸಭೆಯವರು ಎದ್ದು ನಿಂತು ದನಿಗೂಡಿಸಿದರು. ಅವರಿಗೆ ಚೆನ್ನಾಗಿ ಗೊತ್ತಿದ್ದ ಕೀರ್ತನೆ. ಮೊದಲ ಸಾಲುಗಳು ತಗ್ಗಿನಲ್ಲಿದ್ದವು, ಹೇಗೋ ದಾಟಿಹೋದವು. ಪಲ್ಲವಿ ಬಂತು ನೋಡಿ, ಆಗ ಶುರುವಾಯಿತು ಫಜೀತಿ.

ಪಲ್ಲವಿ ಏರಿತು, ಇನ್ನೂ ಏರಿತು. ಅಮ್ಮನ ಕುತ್ತಿಗೆಯ ನರ ಉಬ್ಬಿತು. ಮುಂದಿನ ಬೆಂಚಿನಲ್ಲಿದ್ದ ಆ ಊರಿನ ದರ್ಜಿ ಮಾಮ ತುದಿಗಾಲಲ್ಲಿ ನಿಂತು, ಕಣ್ಣು ಮೇಲೆ ಮಾಡಿ, ಅಟ್ಟದ ಮೇಲಿನ ಡಬ್ಬ ಎಟುಕಿಸುವವರ ಹಾಗೆ ಹಾಡಿದರು. ಒಂದು ಮಗು ಕಿವಿ ಮುಚ್ಚಿಕೊಂಡಿತು. ಊರುಗೋಲು ಹಿಡಿದಿದ್ದ ಅಜ್ಜಿಯೊಬ್ಬರು ಬಾಯಿ ಮುಚ್ಚಿ ಸುಮ್ಮನಾದರು. ಒಬ್ಬೊಬ್ಬರಾಗಿ ಎಲ್ಲರ ದನಿಯೂ ಅಡಗತೊಡಗಿತು.

ಪೀಪಿ ಕತ್ತು ಉದ್ದ ಮಾಡಿ ಪರದೆ ನೋಡಿದಳು. ಅಲ್ಲಿ ಸೊನ್ನೆ ಇರಲಿಲ್ಲ. ನಾಲ್ಕು ಇತ್ತು!

ನಿನ್ನೆ ಸಂಜೆ ನದಿಯ ಹಾಡು ಅಭ್ಯಾಸ ಮಾಡಿದ್ದು ಅವಳೇ. ಮಕ್ಕಳ ದನಿಗೆ ಶ್ರುತಿ ಮೇಲೆ ಬೇಕು. ಅವಳಿಗೋ ಬಿಳಿ ಕೀಗಳ ಮೇಲೆ ಮಾತ್ರ ಬೆರಳು ಸಲೀಸಾಗಿ ಓಡುತ್ತದೆ. ಅದಕ್ಕೆ ಬಟನ್ ಒತ್ತಿ ಏರಿಸಿದ್ದಳು. ಇಳಿಸಲು ಮರೆತಿದ್ದಳು. ಈಗ ನೋಡದೆಯೇ ಸೊನ್ನೆ ಎಂದುಬಿಟ್ಟಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ಅಪ್ಪನೂ ಪರದೆ ನೋಡಿದ. ಆದರೆ ಹಾಡಿನ ಮಧ್ಯೆ ಬಟನ್ ಒತ್ತಿದರೆ ಸ್ವರ ಗುಂಡಿಗೆ ಬಿದ್ದ ಸೈಕಲ್ಲಿನ ಹಾಗೆ ದಡಕ್ಕನೆ ಬೀಳುತ್ತದೆ. ಹಾಗಾಗಿ ಅವನು ಬೇರೆಯೇ ಒಂದು ಕೆಲಸ ಮಾಡಿದ. ಎರಡೂ ಕೈಯನ್ನು ಕೀಬೋರ್ಡಿನಿಂದ ತೆಗೆದುಬಿಟ್ಟ.

ಫ್ಯಾನಿನ ಕಿರ್ ಕಿರ್ ಮಾತ್ರ ಕೇಳುತ್ತಿತ್ತು.

ಅಮ್ಮ ಒಮ್ಮೆ ಉಸಿರೆಳೆದುಕೊಂಡು ಪಲ್ಲವಿಯನ್ನು ತಗ್ಗಿನ ಶ್ರುತಿಯಲ್ಲಿ ಮತ್ತೆ ಎತ್ತಿಕೊಂಡಳು. ದರ್ಜಿ ಮಾಮನ ಹಿಮ್ಮಡಿ ನೆಲಕ್ಕೆ ಬಂತು. ಅವರೂ ಸೇರಿದರು. ಗಡಿಯಾರ ರಿಪೇರಿ ಮಾಡುವ ಅಜ್ಜ ಒಬ್ಬರಿದ್ದರು. ಅವರ ದನಿ ಬಾವಿಯ ಆಳದಿಂದ ಬಂದ ಹಾಗಿತ್ತು. ಆ ದನಿ ಇಷ್ಟು ಹೊತ್ತು ಎಲ್ಲಿತ್ತೋ! ಆಮೇಲೆ ಹಿಂದಿನ ಬೆಂಚುಗಳು, ಕಿಟಕಿಯ ಪಕ್ಕದವರು, ಮಕ್ಕಳು ಎಲ್ಲ ಸೇರಿದರು. ಊರುಗೋಲಿನ ಅಜ್ಜಿ ಕೋಲಿನಿಂದ ನೆಲಕ್ಕೆ ಕುಟ್ಟುತ್ತ ಹಾಡತೊಡಗಿದರು.

ಪಲ್ಲವಿ ಮುಗಿದು ಮುಂದಿನ ಚರಣ ಬರುವಷ್ಟರಲ್ಲಿ ಅಪ್ಪ ಒಂದೇ ಬೆರಳಿನಿಂದ ಟಕಟಕ ಒತ್ತಿ ಸೊನ್ನೆ ಮಾಡಿದ. ಪೀಪಿ ಅದನ್ನು ಕಣ್ಣಾರೆ ನೋಡಿದಳು. ಸದ್ಯ, ಈಗ ನುಡಿಸುತ್ತಾನೆ ಎಂದುಕೊಂಡಳು. ಆದರೆ ಅಪ್ಪ ನುಡಿಸಲಿಲ್ಲ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ತಲೆ ಸ್ವಲ್ಪ ವಾಲಿಸಿ, ಕೀರ್ತನೆ ಮುಗಿಯುವವರೆಗೂ ಕೇಳುತ್ತ ಕುಳಿತ. ಅವನ ಮುಖದಲ್ಲಿ ಕೋಪ ಇರಲಿಲ್ಲ.

ಆರಾಧನೆ ಮುಗಿದ ಮೇಲೆ ಊರುಗೋಲಿನ ಅಜ್ಜಿ ಕೋಲು ಕುಟ್ಟಿಕೊಂಡು ಅಪ್ಪನ ಹತ್ತಿರ ಬಂದರು.

“ಮಗಾ, ಇವತ್ತು ನನ್ನ ದನಿ ನನಗೇ ಕೇಳಿಸ್ತು ಕಣಪ್ಪ. ಹೊರಟುಹೋಗಿದೆ ಅಂದ್ಕೊಂಡಿದ್ದೆ, ಇನ್ನೂ ಇದೆ!”

“ಗಟ್ಟಿಯಾಗೇ ಇದೆ ಅಜ್ಜಿ, ನಂಗೆ ಅಲ್ಲಿವರೆಗೂ ಕೇಳಿಸ್ತು,” ಎಂದ ಅಪ್ಪ.

ವಾಪಸು ಬರುವಾಗ ತಾತ ಎರಡು ಸಲ ಕೆಮ್ಮಿ ಹೊರಟ. ಪೀಪಿ ಊರು ದಾಟುವವರೆಗೂ ತಡೆದುಕೊಂಡಳು. ಆಮೇಲೆ ಆಗಲಿಲ್ಲ.

“ಅಪ್ಪ, ನಾನು ನೋಡ್ಲೇ ಇಲ್ಲ. ಸುಮ್ನೆ ಸೊನ್ನೆ ಅಂದೆ.”

“ಹ್ಞೂಂ. ನಾನೂ ನೋಡ್ಲಿಲ್ಲ. ನೀನು ಸೊನ್ನೆ ಅಂದ್ರೆ ಸೊನ್ನೇನೇ ಅಂತ ನಂಗೆ ಅಭ್ಯಾಸ ಆಗಿಹೋಗಿದೆ.”

ಅಪ್ಪ ಬೈದಿದ್ದರೇ ಚೆನ್ನಾಗಿತ್ತು. ಪೀಪಿಯ ಕಣ್ಣಲ್ಲಿ ನೀರು ತುಂಬಿಕೊಂಡಿತು.

“ಸಾರಿ ಅಪ್ಪ.”

“ನನ್ನ ಗಂಟಲಿಗೂ ಒಂದು ಸಾರಿ ಹೇಳೇ! ಇನ್ನೊಂದು ಸಾಲು ಹಾಡಿದ್ರೆ ಹರಿದೇ ಹೋಗ್ತಿತ್ತು,” ಎಂದಳು ಅಮ್ಮ ಮುಂದಿನ ಸೀಟಿನಿಂದ. ಅಳುತ್ತಿದ್ದ ಪೀಪಿಗೆ ಪುಸಕ್ಕನೆ ನಗು ಬಂತು.

ಕಣ್ಣು ಒರೆಸಿಕೊಂಡು ಅವಳು ಕೇಳಿದಳು: “ಆಮೇಲೆ ನೀನೇ ಸೊನ್ನೆ ಮಾಡಿದ್ಯಲ್ಲ ಅಪ್ಪ. ಮತ್ತೆ ಯಾಕೆ ನುಡಿಸ್ಲಿಲ್ಲ?”

ಅಪ್ಪ ಹಿಂದಕ್ಕೆ ತಿರುಗಿ ಕುಳಿತ. “ಮುಂದಿನ ಭಾನುವಾರ ಅವರಿಗೆ ಯಾರು ನುಡಿಸ್ತಾರೆ ಹೇಳು?”

“ಯಾರೂ ಇಲ್ಲ. ನಾವು ಬೇರೆ ಊರಲ್ಲಿ ಇರ್ತೀವಿ.”

“ಅವರು ಹಾಡೋದು ಬೇಡ್ವಾ?”

“ಬೇಕು.”

“ನಮ್ಮದು ಬೆಳಿಗ್ಗೆ ಬಂದು ಮಧ್ಯಾಹ್ನ ಗಂಟುಮೂಟೆ ಕಟ್ಟೋ ಕೆಲಸ ಮಗಳೇ. ಕೀಬೋರ್ಡು ವ್ಯಾನ್ ಹತ್ತುತ್ತೆ. ಹಾಡು ಅಲ್ಲೇ ಇರಬೇಕಲ್ಲ.” ಆಮೇಲೆ ದನಿ ತಗ್ಗಿಸಿ ಹೇಳಿದ: “ಶನಿವಾರದ ವಿಷಯ ನೆನೆಸಿಕೊಂಡ್ರೆ ನಂಗೂ ಸಂಕಟ ಆಗುತ್ತೆ. ಆದ್ರೆ ಮಾತು ಕೊಟ್ಟುಬಿಟ್ಟಿದ್ದೀನಿ.”

ಈಗ ಪೀಪಿಯ ಮುಖ ಊದಿರಲಿಲ್ಲ. ಅವಳು ಏನೋ ಯೋಚಿಸುತ್ತಿದ್ದಳು.

ಸೋಮವಾರ ಕ್ಲಾಸಿನಲ್ಲಿ ವಿಷಯ ಹೇಳಿದಾಗ ಗುಲ್ಲೋ ಗುಲ್ಲು.

“ಮುಗೀತು ಕಥೆ!” ಎಂದು ಡೋಲು ತಲೆ ಮೇಲೆ ಕೈ ಹೊತ್ತುಕೊಂಡ. ಯಾವಾಗ ನೋಡಿದರೂ ಬೆಂಚು ಬಡಿಯುತ್ತಾನೆ ಅಂತ ಆ ಹುಡುಗನಿಗೆ ಡೋಲು ಅನ್ನುವ ಹೆಸರು. “ಕೀಬೋರ್ಡೇ ಇಲ್ದೆ ಹಾಡೋದಾ? ಎಲ್ರೂ ನಗ್ತಾರೆ.”

ಹಾಡಿನ ಟೀಚರ್ ಯೋಚಿಸಿ ಹೇಳಿದರು: “ಮೊಬೈಲಲ್ಲಿ ರೆಕಾರ್ಡ್ ಮಾಡಿದ ಹಾಡು ಹಾಕೋಣ. ನೀವು ನಿಂತು ಬಾಯಿ ಆಡಿಸಿದ್ರೆ ಸಾಕು.”

“ಬೇಡ ಟೀಚರ್!” ಪೀಪಿಯ ದನಿ ಅವಳ ಹೆಸರಿಗೆ ತಕ್ಕ ಹಾಗೇ ಬಂತು. “ಇವರೇ ಹಾಡ್ತಾರೆ. ಈ ವಾರ ಪೂರ್ತಿ ನಾನು ಪ್ರಾಕ್ಟೀಸ್ ಮಾಡಿಸ್ತೀನಿ. ಪ್ಲೀಸ್ ಟೀಚರ್!”

ಟೀಚರ್ ಒಪ್ಪಿದರು. ಅಪ್ಪ, ಅಮ್ಮ ದಿನಾ ಸಂಜೆ ತಾತನಲ್ಲಿ ಕೀಬೋರ್ಡು ತಂದು ಶಾಲೆಯ ಬಾಗಿಲಲ್ಲಿ ಇಳಿಸಿದರು. ಮೊದಲ ದಿನ ಪೀಪಿ ನುಡಿಸಿದಳು, ಎಲ್ಲರೂ ಹಾಡಿದರು. ಎರಡನೇ ಚರಣಕ್ಕೆ ಬಂದಾಗ ಅವಳು ಎರಡೂ ಕೈ ತೆಗೆದುಬಿಟ್ಟಳು.

ಹಾಡು ದಾರಿ ತಪ್ಪಿದ ಕುರಿ ಮಂದೆಯ ಹಾಗಾಯಿತು. ಒಬ್ಬ ಮೇಲೆ, ಒಬ್ಬಳು ಕೆಳಗೆ. ಡೋಲು ಬೇರೆಯೇ ಹಾಡಿಗೆ ಹೋದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪೀಪಿಯ ಬೆರಳುಗಳು ಕೀ ಮುಟ್ಟಲು ತವಕಿಸುತ್ತಿದ್ದವು. ಅವಳು ಕೈಗಳ ಮೇಲೇ ಕುಳಿತುಬಿಟ್ಟಳು.

ನಗು ನಿಂತಾಗ ಒಂದು ದನಿ ಮಾತ್ರ ಇನ್ನೂ ಕೇಳುತ್ತಿತ್ತು. ಸಣ್ಣ ದನಿ, ಆದರೆ ನೂಲು ಹಿಡಿದ ಹಾಗೆ ನೇರ. ಎಲ್ಲರೂ ತಿರುಗಿ ನೋಡಿದರು. ಇಲಿಮರಿ! ಕಣ್ಣು ಮುಚ್ಚಿಕೊಂಡು, ಉಳಿದವರು ನಿಲ್ಲಿಸಿದ್ದು ತಿಳಿಯದೆ ಹಾಡುತ್ತಲೇ ಇದ್ದಳು. ಪ್ರಶ್ನೆ ಕೇಳಿದರೆ ಉತ್ತರ ತನ್ನ ಕಾಲರಿಗೆ ಹೇಳುವ ಹುಡುಗಿ ಅವಳು, ಅದಕ್ಕೇ ಆ ಹೆಸರು. ಕಣ್ಣು ಬಿಟ್ಟವಳು ಕೆಂಪಾಗಿ ಬೆಂಚಿನ ಕೆಳಗೆ ಬಗ್ಗಿದಳು.

“ಏ, ಏಳೇ! ಶ್ರುತಿ ಸರಿಯಾಗೇ ಇತ್ತು!” ಎಂದಳು ಪೀಪಿ. ವರ್ಷಪೂರ್ತಿ ಒಂದೇ ಬೆಂಚಿನಲ್ಲಿ ಕುಳಿತಿದ್ದರೂ ಈ ದನಿ ಅವಳಿಗೆ ಕೇಳಿಸಿರಲೇ ಇಲ್ಲ. ಕೇಳಿಸುವುದಾದರೂ ಹೇಗೆ? ಪೀಪಿ ಅಷ್ಟು ಜೋರಾಗಿ ನುಡಿಸುತ್ತಿದ್ದಳು.

“ನೀನೇ ಶುರು ಮಾಡು. ನಾವೆಲ್ಲ ನಿನ್ನ ಹಿಂದೆ ಬರ್ತೀವಿ.”

“ನಂಗೆ ಭಯ ಕಣೇ,” ಎಂದಳು ಇಲಿಮರಿ ಬೆಂಚಿನ ಕೆಳಗಿನಿಂದ.

“ಕಣ್ಣು ಮುಚ್ಕೊಂಡೇ ಹಾಡು. ಯಾರು ಬೇಡ ಅಂತಾರೆ?”

ಮಂಗಳವಾರ ಒಂದು ಚರಣ ಶ್ರುತಿಯಲ್ಲಿ ನಿಂತಿತು. ಬುಧವಾರ ಡೋಲು ಬೆಂಚಿನ ಬದಲು ತೊಡೆ ತಟ್ಟಿ ತಾಳ ಹಿಡಿದ. ಗುರುವಾರ ಇಲಿಮರಿ ಶುರು ಮಾಡಿದ ಹಾಡು ಕೀಬೋರ್ಡಿನ ಹಂಗೇ ಇಲ್ಲದೆ ಕೊನೆಯವರೆಗೂ ಹೋಗಿ ಮುಟ್ಟಿತು. ಟೀಚರ್ ಚಪ್ಪಾಳೆ ತಟ್ಟಿದರು.

“ಏ ಪೀಪಿ, ಇನ್ನು ನೀನು ಬೇಕಾಗೇ ಇಲ್ಲ!” ಎಂದು ಡೋಲು ಖುಷಿಯಿಂದ ಕುಣಿದ.

ಪೀಪಿ ನಕ್ಕಳು. ಆದರೆ ಎಲ್ಲೋ ಸಣ್ಣ ಮುಳ್ಳು ಚುಚ್ಚಿದ ಹಾಗಾಯಿತು. ಅಂದು ಸಂಜೆ ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಬಂದು ನಿಂತಳು.

“ಅಮ್ಮ, ಅವರಿಗೆ ಈಗ ನಾನು ಬೇಡ.”

“ನಿಮ್ಮಪ್ಪನಿಗೂ ಹೀಗೇ ಆಗುತ್ತೆ. ವಾರ ವಾರ.”

“ಹೌದಾ! ಆಮೇಲೆ ಏನ್ಮಾಡ್ತಾನೆ?”

“ಆಮೇಲಾ? ಹೊಟ್ಟೆ ತುಂಬ ಊಟ ಮಾಡಿ ಮಲಗ್ತಾರೆ.”

ಶನಿವಾರ ತಾತ ಏದುಸಿರು ಬಿಡುತ್ತ ಗುಡ್ಡ ಹತ್ತಿದ. ಚರ್ಚಿನ ಹೊಸ ಗೋಡೆಯಿಂದ ಇನ್ನೂ ಸುಣ್ಣದ ವಾಸನೆ ಬರುತ್ತಿತ್ತು. ಜನ ಬೆಂಚುಗಳಲ್ಲಿ ತುಂಬಿ, ಬಾಗಿಲವರೆಗೂ ನಿಂತಿದ್ದರು. ಅಪ್ಪ ವೈರು ಸಿಕ್ಕಿಸಿ ಪೀಪಿಯ ಕಡೆ ತಿರುಗಿದ.

“ಸೊನ್ನೆ?”

ಪೀಪಿ ಮೂಗು ತಾಗುವಷ್ಟು ಹತ್ತಿರ ಬಗ್ಗಿ ಪರದೆ ನೋಡಿದಳು. ಸಾಲದ್ದಕ್ಕೆ ಬೆರಳಿನಿಂದ ಒಮ್ಮೆ ಒರೆಸಿ ಮತ್ತೆ ನೋಡಿದಳು.

“ಸೊನ್ನೆ ಅಪ್ಪ!”

ಅಪ್ಪ ತಾನು ನೋಡದೆಯೇ ನುಡಿಸಲು ಶುರು ಮಾಡಿದ.

ಆರಾಧನೆ ಮುಗಿದು, ಎಲ್ಲರೂ ಟೀ ಕುಡಿದು ಹೊರಟ ಮೇಲೆ ಮೂವರೂ ಹೊರಗಿನ ಮೆಟ್ಟಿಲ ಮೇಲೆ ಕುಳಿತರು. ಅಷ್ಟರಲ್ಲಿ ಅಮ್ಮನ ಮೊಬೈಲು ಟಿಣ್ ಎಂದಿತು. ಹಾಡಿನ ಟೀಚರ್ ಏನೋ ಕಳಿಸಿದ್ದರು. ಪೀಪಿ ಅದನ್ನು ಕಸಿದುಕೊಂಡು ಒತ್ತಿದಳು. ಮೂರು ತಲೆಗಳೂ ಹತ್ತಿರ ಬಂದವು.

ಮೊದಲು ಗದ್ದಲ, ಕುರ್ಚಿಗಳ ಸದ್ದು, ಯಾರೋ ಕೆಮ್ಮಿದ್ದು. ಆಮೇಲೆ ಒಂದು ಸಣ್ಣ ದನಿ ನೂಲಿನ ಹಾಗೆ ನೇರವಾಗಿ ಬಂತು.

“ಇಲಿಮರಿ!” ಎಂದು ಪೀಪಿ ಪಿಸುಗುಟ್ಟಿದಳು.

ಅವಳ ಹಿಂದೆಯೇ ಎಲ್ಲರೂ ಬಂದರು. ಡೋಲುವಿನ ತಾಳವೂ ಬಂತು. ಪೀಪಿಯ ಬೆರಳುಗಳು ಮಂಡಿಯ ಮೇಲೆ ತಾವಾಗಿಯೇ ನುಡಿಸತೊಡಗಿದವು. ಎರಡನೇ ಚರಣ ಬಂದಾಗ ತಾವಾಗಿಯೇ ನಿಂತವು. ಹಾಡು ನಿಲ್ಲಲಿಲ್ಲ. ಕೊನೆಯಲ್ಲಿ ಚಪ್ಪಾಳೆಯ ಮಳೆ ಸುರಿಯಿತು, ಯಾರೋ ಶಿಳ್ಳೆ ಹೊಡೆದರು.

“ನೋಡಿದ್ಯಾ ಅಪ್ಪ, ಎಷ್ಟು ಚೆನ್ನಾಗಿ ಹಾಡಿದ್ರು!”

ಅಪ್ಪ ತಲೆಯಾಡಿಸಿದ. ಆದರೆ ಈಗ ಅವನ ಕಿವಿ ಬೇರೆ ಕಡೆ ಇತ್ತು. ಒಳಗೆ ನೆಲ ಗುಡಿಸುತ್ತಿದ್ದ ಇಬ್ಬರು ಅಕ್ಕಂದಿರು, ಇವತ್ತು ಅಪ್ಪ ಕಲಿಸಿದ ಹೊಸ ಕೀರ್ತನೆಯನ್ನು ಮೆಲ್ಲಗೆ ಹಾಡಿಕೊಳ್ಳುತ್ತಿದ್ದರು. ಒಂದು ಸಾಲು ಮರೆತರು, ನಕ್ಕರು, ನೆನಪಿಸಿಕೊಂಡು ಮತ್ತೆ ಹಿಡಿದರು. ಕೀಬೋರ್ಡು ಆಗಲೇ ವ್ಯಾನಿನೊಳಗೆ ಮಲಗಿತ್ತು.

ಮೊಬೈಲಿನ ಹಾಡನ್ನು ಇನ್ನೊಮ್ಮೆ ಹಾಕಲು ಬೆರಳು ಎತ್ತಿದ ಪೀಪಿ ಅಪ್ಪನ ಮುಖ ನೋಡಿ ತಡೆದುಕೊಂಡಳು. ಆಮೇಲೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ತಲೆ ಸ್ವಲ್ಪ ವಾಲಿಸಿ, ಅವಳೂ ಕೇಳುತ್ತ ಕುಳಿತಳು.